ಎಚ್ ಸೊನ್ನೆಯೋ, ಅಲ್ಲವೋ? ಕ್ಯಾಲ್ಕುಲಸ್ ಕಲಿಸುವವರ, ಕಲಿಯುವವರ ಪ್ರಶ್ನೆಗಳು

ಪ್ರಥಮ ಪಿಯುಸಿ ಗಣಿತದಲ್ಲಿ ಲಿಮಿಟ್ಸ್ (ಒಂದು ಬೆಲೆ ಯಾವ ಸಂಖ್ಯೆಯ ಹತ್ತಿರ ಹೋಗುತ್ತದೆ ಎನ್ನುವುದು) ಮತ್ತು ಡೆರಿವೇಟಿವ್ಸ್ (ಆ ಕ್ಷಣದ ಬದಲಾವಣೆಯ ದರ) ಪಾಠ ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ಅಷ್ಟರಲ್ಲಿ ಪರೀಕ್ಷೆಯ ಗಡಿಬಿಡಿ ಶುರುವಾಗಿರುತ್ತದೆ, ಪಾಠ ಓಡುತ್ತದೆ. ದ್ವಿತೀಯ ಪಿಯುಸಿ ಗಣಿತದ ದೊಡ್ಡ ಪಾಲು ನಿಂತಿರುವುದು ಮಾತ್ರ ಇದರ ಮೇಲೆಯೇ. ಈ ಸಲ ಬಂದ ಪತ್ರಗಳಲ್ಲಿ ಕ್ಯಾಲ್ಕುಲಸ್‌ಗೆ ಸಂಬಂಧಪಟ್ಟವನ್ನಷ್ಟೇ ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಲಿಮಿಟ್‌ನ ವ್ಯಾಖ್ಯೆ ಬರೆದು, ಸೂತ್ರಗಳನ್ನು ಕೊಟ್ಟು ಪಾಠ ಶುರು ಮಾಡುತ್ತೇನೆ. ಮಕ್ಕಳು ಲೆಕ್ಕ ಬಿಡಿಸುತ್ತಾರೆ. ಆದರೆ "ಈಗ ಕಂಡುಹಿಡಿದದ್ದು ಏನು?" ಎಂದು ಕೇಳಿದರೆ ಉತ್ತರವಿಲ್ಲ. ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು?
– ಪಿಯು ಉಪನ್ಯಾಸಕಿ, ಹಾವೇರಿ

ಉತ್ತರ: ವ್ಯಾಖ್ಯೆ ಮೂರನೇ ಪೀರಿಯಡ್‌ಗೆ ಬರಲಿ. ಮೊದಲ ಪೀರಿಯಡ್ ಪೂರ್ತಿ ಒಂದೇ ಪ್ರಶ್ನೆಗೆ ಕೊಡಿ: ಮೇಲಿಂದ ಬಿಟ್ಟ ಕಲ್ಲು ಸರಿಯಾಗಿ 2ನೇ ಸೆಕೆಂಡ್ ಮುಗಿಯುವ ಕ್ಷಣದಲ್ಲಿ ಎಷ್ಟು ವೇಗದಲ್ಲಿರುತ್ತದೆ? ಟಿ ಸೆಕೆಂಡಿನಲ್ಲಿ ಬಿದ್ದ ದೂರ 5ಟಿ² ಮೀಟರ್ ಎಂದಿಟ್ಟುಕೊಳ್ಳಿ. 5ರ ಬದಲು 4.9 ಇಟ್ಟರೆ ಗುಣಾಕಾರದಲ್ಲೇ ಗಂಟೆ ಹೊಡೆಯುತ್ತದೆ.

"2 ಸೆಕೆಂಡಿಗೆ 20 ಮೀಟರ್, ಅಂದರೆ ವೇಗ 10" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪು ಎನ್ನಬೇಡಿ, ಅದು ಮೊದಲ 2 ಸೆಕೆಂಡಿನ ಸರಾಸರಿ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಆಮೇಲೆ 2ರಿಂದ 3 ಸೆಕೆಂಡ್‌ವರೆಗಿನ ಸರಾಸರಿ ಕೇಳಿ: 45ರಲ್ಲಿ 20 ಕಳೆದು 1ರಿಂದ ಭಾಗಿಸಿದರೆ 25. 2ರಿಂದ 2.1ಕ್ಕೆ: 22.05ರಲ್ಲಿ 20 ಕಳೆದು 0.1ರಿಂದ ಭಾಗಿಸಿದರೆ 20.5. 2ರಿಂದ 2.01ಕ್ಕೆ 20.05. 2ರಿಂದ 2.001ಕ್ಕೆ 20.005. ಇವನ್ನು ಮಕ್ಕಳೇ ಮಾಡಬೇಕು, ನೀವು ಬೋರ್ಡ್ ಮೇಲೆ ಮಾಡಿ ತೋರಿಸಿದರೆ ಪ್ರಯೋಜನ ಅರ್ಧಕ್ಕರ್ಧ ಹೋಯಿತು. ಸಾಲು ಸಾಲಾಗಿ ಹಂಚಿದರೆ ಹತ್ತು ನಿಮಿಷದ ಕೆಲಸ.

ಬಹಳ ಕಡೆ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆಗ "ಉತ್ತರ ಮೇಲಿನಿಂದ ಇಳಿಯುತ್ತಾ 20ಕ್ಕೆ ಬರುತ್ತದೆ" ಎಂಬ ಅರೆಬರೆ ಚಿತ್ರವಷ್ಟೇ ಉಳಿಯುತ್ತದೆ. ಎಡಗಡೆಯಿಂದಲೂ ಮಾಡಿಸಿ: 1.9ರಿಂದ 2ಕ್ಕೆ 19.5, 1.99ರಿಂದ 2ಕ್ಕೆ 19.95. ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತಿರುವ ಸಂಖ್ಯೆ ಯಾವುದು ಎಂದು ಕೇಳಿದರೆ ತರಗತಿಗೆ ತರಗತಿಯೇ ಹೇಳುತ್ತದೆ. ಮುಂದೆ ಎಡ ಲಿಮಿಟ್, ಬಲ ಲಿಮಿಟ್ ಎಂದಾಗ ಅದು ಹೊಸ ವಿಷಯ ಅನ್ನಿಸುವುದೂ ಇಲ್ಲ. 0.1, 0.01ರ ಜಾಗದಲ್ಲಿ ಎಚ್ ಇಟ್ಟು ಒಮ್ಮೆ ಬಿಡಿಸಿ: 5(2+ಎಚ್)² – 20 ಅಂದರೆ 20ಎಚ್ + 5ಎಚ್². ಎಚ್‌ನಿಂದ ಭಾಗಿಸಿದರೆ 20 + 5ಎಚ್. ಪಟ್ಟಿಯಲ್ಲಿದ್ದ ಎಲ್ಲ ಸಂಖ್ಯೆಗಳೂ ಈ ಒಂದು ಸಾಲಿನಲ್ಲಿವೆ, ಎಚ್‌ಗೆ –0.1 ಹಾಕಿದರೆ 19.5 ಬರುವುದನ್ನು ಮರೆಯದೆ ತೋರಿಸಿ.

ಎರಡನೇ ಪೀರಿಯಡ್ ಗ್ರಾಫ್ ಶೀಟಿಗೆ. ಅಡ್ಡಕ್ಕೆ 5 ಸೆಂಮೀಗೆ 1 ಸೆಕೆಂಡ್, ಉದ್ದಕ್ಕೆ 2 ಸೆಂಮೀಗೆ 5 ಮೀಟರ್ ಇಟ್ಟರೆ 0ಯಿಂದ 3 ಸೆಕೆಂಡಿನ ವಕ್ರರೇಖೆ 15 ಸೆಂಮೀ ಅಗಲ, 18 ಸೆಂಮೀ ಎತ್ತರದಲ್ಲಿ ಕೂರುತ್ತದೆ. (2, 20) ಬಿಂದುವಿನಿಂದ (3, 45)ಕ್ಕೆ ಒಂದು ಗೆರೆ, (2.5, 31.25)ಕ್ಕೆ ಇನ್ನೊಂದು. 2.1ಕ್ಕೆ ಎಳೆಯಹೊರಟರೆ ಸ್ಕೇಲ್‌ಗೂ ವಕ್ರರೇಖೆಗೂ ನಡುವೆ ಜಾಗವೇ ಕಾಣುವುದಿಲ್ಲ. ಈ ಗೆರೆಗಳು ಹತ್ತಿರ ಹೋಗುತ್ತಿರುವ ಗೆರೆಯೇ ಸ್ಪರ್ಶಕ. ಸರಿಯಾಗಿ ಎಳೆದಿದ್ದರೆ ಅದನ್ನು ಕೆಳಗೆ ಮುಂದುವರಿಸಿದಾಗ ಸಮಯದ ಅಕ್ಷವನ್ನು 1 ಸೆಕೆಂಡಿನಲ್ಲಿ ಮುಟ್ಟಬೇಕು. ಪ್ರತಿ ಬೆಂಚಿಗೆ ಹೋಗಿ ನೋಡಲು ಇಷ್ಟು ಗುರುತು ಸಾಕು.

ಈ ಸ್ಪರ್ಶಕದ ಸ್ಲೋಪ್ (ಏರಿಕೆಯನ್ನು ಓಟದಿಂದ ಭಾಗಿಸಿದ್ದು) ನಾವು ಹುಡುಕುತ್ತಿದ್ದ ವೇಗ. ಅದನ್ನು ಓದುವಾಗ ಆಗುವ ಎಡವಟ್ಟು ಒಂದೇ. "ಸ್ಲೋಪ್ ಅಂದರೆ ಟ್ಯಾನ್ ತೀಟಾ" ಎಂದು ಕಲಿತವರು ಕೋನಮಾಪಕ ಇಟ್ಟು ಸುಮಾರು 58 ಡಿಗ್ರಿ ಅಳೆದು, ಟ್ಯಾನ್ 58 ಅಂದರೆ 1.6 ಎಂದು ಬರೆಯುತ್ತಾರೆ. ಕಾಗದದ ಮೇಲೆ ಅದು ಸರಿಯೇ: 8 ಸೆಂಮೀ ಏರಿಕೆ, 5 ಸೆಂಮೀ ಓಟ. ಆದರೆ ಆ 8 ಸೆಂಮೀ ಅಂದರೆ 20 ಮೀಟರ್, 5 ಸೆಂಮೀ ಅಂದರೆ 1 ಸೆಕೆಂಡ್. ಸ್ಲೋಪನ್ನು ಅಕ್ಷಗಳ ಮೇಲಿನ ಅಂಕಿಗಳಿಂದ, ಯೂನಿಟ್ ಸಮೇತ ಓದಬೇಕು. "20" ಎಂದು ಬರೆದ ಉತ್ತರವನ್ನು ಒಪ್ಪಬೇಡಿ, "ಸೆಕೆಂಡಿಗೆ 20 ಮೀಟರ್" ಎಂದು ಬರೆಸಿ. ಮುಂದಿನ ಉತ್ತರಗಳಲ್ಲೂ ಯೂನಿಟ್ ಮಾತು ಪದೇ ಪದೇ ಬರುತ್ತದೆ. ಈ ಹಂತದಲ್ಲಿ ತಪ್ಪು ಹಿಡಿಯಲು ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ಪ್ರಶ್ನೆ: ಎಚ್ ಸೊನ್ನೆ ಅಲ್ಲ ಅಂತ ಹೇಳಿ ಮೇಲೆ ಕೆಳಗೆ ಹೊಡೆದು ಹಾಕುತ್ತಾರೆ. ಮುಂದಿನ ಸಾಲಿನಲ್ಲೇ ಎಚ್ ಸೊನ್ನೆ ಅನ್ನುತ್ತಾರೆ. ಇದು ಮೋಸ ಅಲ್ಲವೇ?
– ಪ್ರಥಮ ಪಿಯುಸಿ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್‌ಲಿ 1734ರಲ್ಲಿ ನ್ಯೂಟನ್‌ನ ವಿಧಾನದ ಮೇಲೆ ಎತ್ತಿದ ಆಕ್ಷೇಪ ಇದೇ. ಅದಕ್ಕೆ ಗಟ್ಟಿ ಉತ್ತರ ರೂಪುಗೊಂಡದ್ದು 19ನೇ ಶತಮಾನದಲ್ಲಿ. ಹಾಗಾಗಿ ನಿಮಗೆ ಅನುಮಾನ ಬಂದದ್ದು ಪಾಠ ಕೇಳಿಸಿಕೊಂಡ ಲಕ್ಷಣ.

(20ಎಚ್ + 5ಎಚ್²)/ಎಚ್ ಮತ್ತು 20 + 5ಎಚ್ ಎರಡೂ ಪೂರ್ತಿ ಒಂದೇ ಅಲ್ಲ. ಎಚ್ ಸೊನ್ನೆಯಾದ ಕಡೆ ಮೊದಲನೆಯದಕ್ಕೆ ಬೆಲೆಯೇ ಇಲ್ಲ. ಉಳಿದ ಎಲ್ಲ ಕಡೆ ಎರಡೂ ಒಂದೇ. ಲಿಮಿಟ್ ಕೇಳುವುದು ಆ "ಉಳಿದ ಕಡೆ"ಯ ಬಗ್ಗೆ ಮಾತ್ರ: ಎಚ್ ಸೊನ್ನೆಯ ಸುತ್ತಮುತ್ತ ಇರುವಾಗ ಬೆಲೆ ಯಾವುದರ ಹತ್ತಿರ ಹೋಗುತ್ತಿದೆ? ಸೊನ್ನೆಯಲ್ಲಿ ಏನಾಗುತ್ತದೆ ಎಂದು ಅದು ಕೇಳುವುದೇ ಇಲ್ಲ. ಎಚ್ ಸೊನ್ನೆ ಎಂದು ನೀವು ಹಾಕುವುದು 20 + 5ಎಚ್‌ಗೆ. ಅದು ಸರಳರೇಖೆ, ಎಲ್ಲೂ ತುಂಡಾಗುವುದಿಲ್ಲ. ಅದು ಹತ್ತಿರ ಹೋಗುವ ಬೆಲೆಯೂ ಸೊನ್ನೆಯಲ್ಲಿ ಅದರ ಬೆಲೆಯೂ ಒಂದೇ ಆಗಿರುವುದರಿಂದ ಹಾಗೆ ಹಾಕಬಹುದು.

"ಹತ್ತಿರ" ಅಂದರೆ ಎಷ್ಟು ಹತ್ತಿರ ಅನ್ನುತ್ತೀರಾ? ನೀವೇ ಹೇಳಿ. ವ್ಯತ್ಯಾಸ 0.01ಕ್ಕಿಂತ ಕಡಿಮೆ ಬೇಕಿದ್ದರೆ ಎಚ್ 0.002ಕ್ಕಿಂತ ಚಿಕ್ಕದಿರಲಿ. 0.001 ಬೇಕಿದ್ದರೆ 0.0002. ಎಷ್ಟು ಬಿಗಿ ಕೇಳಿದರೂ ಕೊಡಬಹುದು ಅನ್ನುವುದೇ ಲಿಮಿಟ್ 20 ಎಂಬ ಮಾತಿನ ಅರ್ಥ. ಎಪ್ಸಿಲಾನ್-ಡೆಲ್ಟಾ ಎಂದು ಡಿಗ್ರಿಯಲ್ಲಿ ಭಯಪಡಿಸುವುದೂ ಇದನ್ನೇ.

ಉತ್ತರಪತ್ರಿಕೆಗೆ ಬೇಕಾದ ಮಾತು: ಎಚ್‌ಗೆ ಸೊನ್ನೆ ಹಾಕುವ ಸಾಲಿನ ತನಕ ಪ್ರತಿ ಸಾಲಿನಲ್ಲೂ "ಲಿಮ್" ಬರೆಯಿರಿ, ಸೊನ್ನೆ ಹಾಕಿದ ಸಾಲಿನಲ್ಲಿ ಬಿಡಿ. ನಡುವೆ ಬಿಟ್ಟರೆ "ಸಮ" ಚಿಹ್ನೆಯೇ ಸುಳ್ಳಾಗುತ್ತದೆ.

ಪ್ರಶ್ನೆ: ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ ಸೈನ್ಸ್ ತೆಗೆದುಕೊಳ್ಳುತ್ತಿದ್ದಾಳೆ. ಬೇಸಿಗೆ ರಜೆಯಲ್ಲೇ ಕ್ಯಾಲ್ಕುಲಸ್ ಟ್ಯೂಷನ್‌ಗೆ ಹಾಕಿ ಅನ್ನುತ್ತಿದ್ದಾರೆ. ಹಾಕಲೇ?
– ಪೋಷಕರು, ಶಿವಮೊಗ್ಗ

ಉತ್ತರ: ಮೊದಲು ಈ ಐದನ್ನು ಕೊಟ್ಟು ನೋಡಿ, ಅರ್ಧ ಗಂಟೆ ಸಾಕು. (ಎಕ್ಸ್+ಎಚ್)³ ಬಿಡಿಸುವುದು. 1/(ಎಕ್ಸ್+ಎಚ್)ನಿಂದ 1/ಎಕ್ಸ್ ಕಳೆದು ಒಂದೇ ಭಿನ್ನರಾಶಿ ಮಾಡುವುದು. ಎಕ್ಸ್² – 5ಎಕ್ಸ್ + 6ನ್ನು ಅಪವರ್ತಿಸುವುದು. ವರ್ಗಮೂಲ (4+ಎಚ್)ನಿಂದ 2 ಕಳೆದದ್ದರ ಮೇಲೆ ಕೆಳಗೆ ಅದರದೇ ಕೂಡುವ ರೂಪದಿಂದ ಗುಣಿಸಿ ಮೇಲಿನ ವರ್ಗಮೂಲವನ್ನು ಇಲ್ಲವಾಗಿಸುವುದು. (2, 5) ಮತ್ತು (5, 11) ಬಿಂದುಗಳ ನಡುವೆ ಎಕ್ಸ್ ಒಂದು ಹೆಚ್ಚಿದರೆ ವೈ ಎಷ್ಟು ಹೆಚ್ಚುತ್ತದೆ ಎಂದು ಹೇಳುವುದು.

ನಾಲ್ಕಕ್ಕಿಂತ ಕಡಿಮೆ ಸರಿಯಾದರೆ ರಜೆಯಲ್ಲಿ ಕ್ಯಾಲ್ಕುಲಸ್ ಬೇಡ, ಬೀಜಗಣಿತ ಗಟ್ಟಿ ಮಾಡಿಸಿ. ಲಿಮಿಟ್ ಲೆಕ್ಕದಲ್ಲಿ ಅಂಕ ಹೋಗುವುದು ಬಹುತೇಕ ಈ ಜಾಗಗಳಲ್ಲಿ, ಅದರಲ್ಲೂ ಭಿನ್ನರಾಶಿ ಕಳೆಯುವಾಗ ಮೈನಸ್ ಚಿಹ್ನೆ ತಪ್ಪುವಲ್ಲಿ. ಕೊನೆಯ ಪ್ರಶ್ನೆ ಗೊತ್ತಾಗದಿದ್ದರೆ ಗಾಬರಿ ಬೇಡ. ಹತ್ತನೇ ತರಗತಿಯ ನಿರ್ದೇಶಾಂಕ ಪಾಠದಲ್ಲಿ ದೂರದ ಸೂತ್ರ, ಭಾಗ ಸೂತ್ರ ಇವೆ, ಸ್ಲೋಪ್ ಬರುವುದು ಪಿಯುಸಿಯಲ್ಲಿ. ಐದೂ ಸರಿಯಾದರೆ ಟ್ಯೂಷನ್ ಯಾಕೆ? ಮೇಲಿನ ಕಲ್ಲಿನ ಲೆಕ್ಕವನ್ನು ಅವಳೇ ಮಾಡಿಕೊಳ್ಳಬಲ್ಲಳು.

ಪ್ರಶ್ನೆ: ಭೌತಶಾಸ್ತ್ರದಲ್ಲಿ ಜೂನ್-ಜುಲೈಯಲ್ಲೇ ವೇಗಕ್ಕೆ "ಡಿಎಕ್ಸ್ ಬೈ ಡಿಟಿ" ಬರುತ್ತದೆ. ಗಣಿತದವರು ಅದನ್ನು ಹೇಳಿಕೊಡುವುದು ವರ್ಷದ ಕೊನೆಗೆ. ಅಲ್ಲಿಯವರೆಗೆ ನಾವು ಏನು ಮಾಡಬೇಕು?
– ಭೌತಶಾಸ್ತ್ರ ಉಪನ್ಯಾಸಕ, ಕೋಲಾರ

ಉತ್ತರ: ಗಣಿತದವರಿಗಾಗಿ ಕಾಯುವಂತಿಲ್ಲ, ಕಾದರೂ ಪೂರ್ತಿ ಸಿಗುವುದಿಲ್ಲ. ಚೈನ್ ರೂಲ್ (ಒಂದು ಫಂಕ್ಷನ್‌ನ ಒಳಗೆ ಇನ್ನೊಂದು ಇದ್ದಾಗಿನ ನಿಯಮ) ಇರುವುದು ದ್ವಿತೀಯ ಪಿಯುಸಿಯ ಗಣಿತದಲ್ಲಿ, ಅದರ ಅಗತ್ಯ ಬೀಳುವುದು ಪ್ರಥಮ ಪಿಯುಸಿಯ ಆಂದೋಲನಗಳ ಪಾಠದಲ್ಲಿ.

ನೀವೇ ಮೂರು ಪೀರಿಯಡ್ ತೆಗೆದಿಡಿ. ಮೊದಲನೆಯದರಲ್ಲಿ ಮೇಲಿನ 5ಟಿ² ಪಟ್ಟಿ. ಎರಡನೆಯದರಲ್ಲಿ ಟಿ, ಟಿ², ಟಿ³ಗಳ ಡೆರಿವೇಟಿವ್, ಜೊತೆಗೆ ಸ್ಥಿರ ಸಂಖ್ಯೆಯಿಂದ ಗುಣಿಸಿದ್ದು, ಕೂಡಿಸಿದ್ದು. ಗತಿಯ ಪಾಠ ದಾಟಲು ಇಷ್ಟೇ ಸಾಕು. ಮೂರನೆಯದನ್ನು ಆಂದೋಲನಕ್ಕೆ ಮುಂಚೆ ಇಟ್ಟುಕೊಳ್ಳಿ: ಸೈನ್, ಕಾಸ್, ಮತ್ತು ಒಳಗಡೆ "ಒಮೆಗಾ ಟಿ" ಇದ್ದರೆ ಹೊರಗೆ ಒಮೆಗಾ ಬರುತ್ತದೆ ಎಂಬ ಒಂದು ನಿಯಮ. ಯಾಕೆ ಬರುತ್ತದೆ ಎನ್ನುವುದಕ್ಕೆ, ಒಳಗಿನ ಕೋನ ಒಮೆಗಾ ಪಟ್ಟು ಬೇಗ ಓಡಿದರೆ ಇಡೀ ಏರಿಳಿತವೂ ಅಷ್ಟೇ ಪಟ್ಟು ಬೇಗ ನಡೆಯುತ್ತದೆ ಎಂದರೆ ಸದ್ಯಕ್ಕೆ ಆಯಿತು.

ಒಮೆಗಾ ಮರೆಯುವವರಿಗೆ ಯೂನಿಟ್ ತೋರಿಸಿ. ಸ್ಥಾನ ಎ ಕಾಸ್ ಒಮೆಗಾ ಟಿ; ಎ ಮೀಟರ್‌ನಲ್ಲಿದೆ. ವೇಗ "ಮೈನಸ್ ಎ ಸೈನ್ ಒಮೆಗಾ ಟಿ" ಎಂದು ಬರೆದರೆ ಯೂನಿಟ್ ಇನ್ನೂ ಮೀಟರ್ ಆಗಿಯೇ ಉಳಿಯಿತು. ಅದು ವೇಗ ಆಗಲಾರದು. "ಮೈನಸ್ ಎ ಒಮೆಗಾ ಸೈನ್ ಒಮೆಗಾ ಟಿ" ಎಂದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸರಿಹೋಗುತ್ತದೆ. ಗಣಿತದ ತರಗತಿಯಲ್ಲಿ ಎಕ್ಸ್‌ಗೂ ವೈಗೂ ಯೂನಿಟ್ ಇರುವುದಿಲ್ಲವಾದ್ದರಿಂದ ಈ ಅನುಕೂಲ ನಿಮ್ಮ ತರಗತಿಗೇ ಹೆಚ್ಚು.

ಪ್ರಶ್ನೆ: ಸೈನ್ ಎಕ್ಸ್ ಬೈ ಎಕ್ಸ್‌ನ ಲಿಮಿಟ್ 1 ಅಂತ ಪುಸ್ತಕದಲ್ಲಿದೆ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಎಕ್ಸ್‌ಗೆ 0.1 ಹಾಕಿದರೆ 0.01745 ಬರುತ್ತಿದೆ!
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ, 180 ಡಿಗ್ರಿ ಅಂದರೆ ಪೈ ರೇಡಿಯನ್) ಬದಲಿಸಿ ನೋಡಿ: 0.1ಕ್ಕೆ 0.99833, 0.01ಕ್ಕೆ 0.99998. ನಿಮಗೆ ಬಂದ ಸಂಖ್ಯೆ ಪೈಯನ್ನು 180ರಿಂದ ಭಾಗಿಸಿದ್ದು. ಡಿಗ್ರಿಯಲ್ಲೇ ಕ್ಯಾಲ್ಕುಲಸ್ ಮಾಡುತ್ತೇವೆ ಎಂದು ಹಟ ಹಿಡಿದರೆ ಸೈನ್‌ನ ಡೆರಿವೇಟಿವ್ ಬರೆದಾಗಲೆಲ್ಲ ಈ 0.01745ನ್ನು ಹೊತ್ತುಕೊಂಡು ತಿರುಗಬೇಕು. ರೇಡಿಯನ್ ಇರುವುದೇ ಅದನ್ನು ಇಳಿಸಲು. ಪಿಯು ಗಣಿತ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಮನೆಯಲ್ಲಿ ಹೀಗೆ ತಾಳೆ ನೋಡಲು ಮಾತ್ರ ಬಳಸಿ.

ಪ್ರಶ್ನೆ: ಎಷ್ಟು ಸಲ ಹೇಳಿದರೂ ಗುಣಲಬ್ಧದ ಡೆರಿವೇಟಿವ್ ಅಂದರೆ ಎರಡರ ಡೆರಿವೇಟಿವ್‌ಗಳ ಗುಣಲಬ್ಧ ಎಂದು ಬರೆಯುತ್ತಾರೆ. ಸಾಧನೆ ಬರೆಸಿದರೆ ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ತಪ್ಪು ಮಾತ್ರ ಹಾಗೇ ಇದೆ.
– ಉಪನ್ಯಾಸಕ, ಚಿತ್ರದುರ್ಗ

ಉತ್ತರ: ಸೂತ್ರ ಕೊಡುವ ಮೊದಲು ಆ ತಪ್ಪನ್ನು ನೀವೇ ಬೋರ್ಡ್ ಮೇಲೆ ಬರೆದು ಪರೀಕ್ಷೆಗೆ ಒಡ್ಡಿ. ಎಕ್ಸ್² ಅಂದರೆ ಎಕ್ಸ್ ಗುಣಿಸು ಎಕ್ಸ್. ತಪ್ಪು ನಿಯಮದ ಪ್ರಕಾರ ಉತ್ತರ 1 ಗುಣಿಸು 1, ಅಂದರೆ 1. ನಿಜವಾದ ಉತ್ತರ 2ಎಕ್ಸ್ ಎಂದು ಅವರಿಗೆ ಆಗಲೇ ಗೊತ್ತಿದೆ. ನಿಯಮ ಅಲ್ಲಿಗೇ ಬಿತ್ತು.

ಬಿದ್ದ ಜಾಗದಲ್ಲಿ ಏನು ಬರಬೇಕು ಎನ್ನುವುದಕ್ಕೆ ಆಯತ ಬರೆಯಿರಿ. ಈ ಕ್ಷಣದಲ್ಲಿ ಉದ್ದ 20 ಸೆಂಮೀ, ಸೆಕೆಂಡಿಗೆ 3 ಸೆಂಮೀ ಬೆಳೆಯುತ್ತಿದೆ. ಅಗಲ 10 ಸೆಂಮೀ, ಸೆಕೆಂಡಿಗೆ 2 ಸೆಂಮೀ ಬೆಳೆಯುತ್ತಿದೆ. ವಿಸ್ತೀರ್ಣ ಬೆಳೆಯುವ ದರ ಎಷ್ಟು? ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಬಲಬದಿಗೆ 0.03 ಸೆಂಮೀ ಅಗಲದ, 10 ಸೆಂಮೀ ಉದ್ದದ ಪಟ್ಟಿ ಸೇರಿತು: 0.3. ಮೇಲುಗಡೆ 0.02 ಸೆಂಮೀ ಅಗಲದ, 20 ಸೆಂಮೀ ಉದ್ದದ ಪಟ್ಟಿ: 0.4. ಮೂಲೆಯಲ್ಲಿ ಒಂದು ಚೂರು: 0.03 ಗುಣಿಸು 0.02, ಅಂದರೆ 0.0006. ಒಟ್ಟು 0.7006ನ್ನು 0.01ರಿಂದ ಭಾಗಿಸಿದರೆ 70.06. ಸಮಯವನ್ನು ಇನ್ನೂ ಕುಗ್ಗಿಸಿದರೆ ಮೂಲೆಯ ಚೂರಿನ ಪಾಲು ಕರಗಿಹೋಗಿ 70 ಉಳಿಯುತ್ತದೆ. ಎರಡು ಪಟ್ಟಿಗಳೇ ಸೂತ್ರದ ಎರಡು ಪದಗಳು. ತಪ್ಪು ನಿಯಮ ಕೊಡುವ 3 ಗುಣಿಸು 2 ಇದೆಯಲ್ಲ, ಅದು ಆ ಮೂಲೆಯ ಚೂರು! ಲೆಕ್ಕಕ್ಕೆ ಬಾರದ್ದನ್ನು ಇಟ್ಟುಕೊಂಡು ಲೆಕ್ಕಕ್ಕೆ ಬರುವ ಎರಡನ್ನೂ ಎಸೆದಂತಾಯಿತು. ಯೂನಿಟ್ ನೋಡಿದರೂ ಸಿಕ್ಕಿಬೀಳುತ್ತದೆ: ಚದರ ಸೆಂಮೀಯನ್ನು ಸೆಕೆಂಡಿನ ವರ್ಗದಿಂದ ಭಾಗಿಸಿದ ಯೂನಿಟ್ ಬರುತ್ತದೆ, ವಿಸ್ತೀರ್ಣ ಬೆಳೆಯುವ ದರಕ್ಕೆ ಅದು ಸಲ್ಲದು.

ಇದೇ ಜಾತಿಯ ಇನ್ನೊಂದು ತಪ್ಪು, 2ರ ಘಾತ ಎಕ್ಸ್‌ಗೆ ಎಕ್ಸ್ⁿ ಸೂತ್ರ ಹಚ್ಚುವುದು. ಹಾಗೆ ಮಾಡಿದರೆ ಎಕ್ಸ್ ಸೊನ್ನೆಯಾದಾಗ ಸ್ಲೋಪ್ ಸೊನ್ನೆ ಎಂದಾಗುತ್ತದೆ. ಗ್ರಾಫ್ ಎಳೆಸಿ ನೋಡಿ, ಆ ಜಾಗದಲ್ಲಿ ಅದು ಸ್ಪಷ್ಟವಾಗಿ ಏರುತ್ತಿದೆ. ಅಲ್ಲಿನ ಸ್ಲೋಪ್ ಸುಮಾರು 0.693. ಚರಾಕ್ಷರ ಬುಡದಲ್ಲಿದೆಯೋ ಘಾತದಲ್ಲಿದೆಯೋ ಎಂದು ಮೊದಲು ನೋಡುವ ಅಭ್ಯಾಸ ಆಗಬೇಕು, ಅಷ್ಟೇ.

ಪ್ರಶ್ನೆ: ಸ್ಪರ್ಶಕ ಅಂದರೆ ಒಂದೇ ಬಿಂದುವಿನಲ್ಲಿ ಮುಟ್ಟುವ ರೇಖೆ ತಾನೇ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ವೃತ್ತಕ್ಕೆ ಹೌದು, ಎಲ್ಲ ವಕ್ರರೇಖೆಗಳಿಗೂ ಅಲ್ಲ. ವೈ = ಎಕ್ಸ್³ ರೇಖೆಗೆ (1, 1)ರಲ್ಲಿ ಎಳೆದ ಸ್ಪರ್ಶಕ ವೈ = 3ಎಕ್ಸ್ – 2. ಅದು ಅದೇ ವಕ್ರರೇಖೆಯನ್ನು (–2, –8)ರಲ್ಲಿ ಮತ್ತೆ ಕತ್ತರಿಸುತ್ತದೆ. ಇತ್ತ ಎಕ್ಸ್ = 2 ಎಂಬ ನೆಟ್ಟಗಿನ ರೇಖೆ ವೈ = ಎಕ್ಸ್²ನ್ನು ಒಂದೇ ಕಡೆ ಸಂಧಿಸಿದರೂ ಸ್ಪರ್ಶಕವಲ್ಲ. ಆ ಬಿಂದುವಿನಲ್ಲಿ ಎರಡರ ಸ್ಲೋಪ್ ಒಂದೇ ಇರಬೇಕು, ಅದೇ ಷರತ್ತು.

ಪ್ರಶ್ನೆ: ಗರಿಷ್ಠ-ಕನಿಷ್ಠ ಲೆಕ್ಕಗಳಿಗೆ ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆ ಇದೆಯೇ? ನಮ್ಮದು ಸರ್ಕಾರಿ ಕಾಲೇಜು, ಪ್ರೊಜೆಕ್ಟರ್ ಇಲ್ಲ.
– ಉಪನ್ಯಾಸಕಿ, ರಾಯಚೂರು

ಉತ್ತರ: ಪ್ರೊಜೆಕ್ಟರ್ ಬೇಡ, ರಟ್ಟು ಮತ್ತು ರಾಗಿ ಸಾಕು. 24 ಸೆಂಮೀ ಚೌಕದ ಐದು ತೆಳು ರಟ್ಟು ಕತ್ತರಿಸಿ ಐದು ಗುಂಪಿಗೆ ಕೊಡಿ. ನಾಲ್ಕು ಮೂಲೆಯಿಂದ ಚೌಕ ಕತ್ತರಿಸಿ, ಬದಿಗಳನ್ನು ಮೇಲೆತ್ತಿ, ಮೂಲೆಗೆ ಟೇಪ್ ಹಚ್ಚಿ ಮುಚ್ಚಳವಿಲ್ಲದ ಡಬ್ಬಿ ಮಾಡಬೇಕು. ಕತ್ತರಿಸುವ ಚೌಕದ ಅಳತೆ ಒಂದೊಂದು ಗುಂಪಿಗೆ ಒಂದೊಂದು: 2, 3, 4, 5, 6 ಸೆಂಮೀ. ಯಾವ ಡಬ್ಬಿ ಹೆಚ್ಚು ಹಿಡಿಯುತ್ತದೆ ಎಂದು ಮೊದಲೇ ಕೈ ಎತ್ತಿಸಿ. ಎಲ್ಲವೂ ಒಂದೇ ರಟ್ಟಿನಿಂದ ಆದದ್ದು, ಆದ್ದರಿಂದ ಎಲ್ಲವೂ ಸಮ ಎನ್ನುವವರೂ ಇರುತ್ತಾರೆ.

ಲೆಕ್ಕದ ಪ್ರಕಾರ ಕ್ರಮವಾಗಿ 800, 972, 1024, 980, 864 ಘನ ಸೆಂಮೀ. ರಾಗಿ ತುಂಬಿ, ಸ್ಕೇಲಿನಿಂದ ಮೇಲೆ ಸವರಿ, ಲ್ಯಾಬಿನ 250 ಮಿಲಿ ಸಿಲಿಂಡರ್‌ನಲ್ಲಿ ಅಳೆಯಿರಿ. 4ಕ್ಕೂ 5ಕ್ಕೂ ಇರುವ ವ್ಯತ್ಯಾಸ 44 ಮಿಲಿ ಮಾತ್ರ, ಆದ್ದರಿಂದ ಸ್ವಲ್ಪ ಅಜಾಗರೂಕತೆಯೂ ಉತ್ತರ ಕೆಡಿಸುತ್ತದೆ. ಕೆಡುವುದು ಎರಡು ಕಾರಣಕ್ಕೆ. ಚಾರ್ಟ್ ಪೇಪರ್‌ನಂಥ ಮೆತ್ತನೆಯದು ಬಳಸಿದರೆ ಬದಿಗಳು ಉಬ್ಬಿ ಹೆಚ್ಚು ಹಿಡಿಯುತ್ತದೆ, ಅದಕ್ಕೇ ರಟ್ಟು. ಒಬ್ಬರು ಡಬ್ಬಿ ಕುಟ್ಟಿ ತುಂಬಿ, ಇನ್ನೊಬ್ಬರು ಸುಮ್ಮನೆ ಸುರಿದರೂ ಹೋಲಿಕೆ ಸುಳ್ಳಾಗುತ್ತದೆ, ಯಾರೂ ಕುಟ್ಟದಿರಲಿ. ರಾಗಿಯ ಬದಲು ಕಡಲೆ ಬೇಡ, ಕಾಳು ದೊಡ್ಡದಾದಷ್ಟೂ ಮೂಲೆಗಳಲ್ಲಿ ಖಾಲಿ ಉಳಿಯುತ್ತದೆ.

ಆಮೇಲೆ ಬೋರ್ಡಿಗೆ ಬನ್ನಿ. ಕತ್ತರಿಸುವ ಚೌಕದ ಬದಿ ಎಕ್ಸ್ ಆದರೆ ಘನಗಾತ್ರ ಎಕ್ಸ್(24 – 2ಎಕ್ಸ್)². ಡೆರಿವೇಟಿವ್ 12(ಎಕ್ಸ್ – 4)(ಎಕ್ಸ್ – 12). ಸೊನ್ನೆಯಾಗುವುದು 4 ಮತ್ತು 12ರಲ್ಲಿ. 12 ಸೆಂಮೀ ಕತ್ತರಿಸಿದರೆ ರಟ್ಟೇ ಉಳಿಯುವುದಿಲ್ಲ ಎನ್ನುವುದನ್ನು ಕತ್ತರಿ ಹಿಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಕ್ಸ್ 0 ಮತ್ತು 12ರ ನಡುವೆ ಇರಬೇಕು ಎಂದು ಬರೆಯಲು ಮರೆಯುವವರು ಬರಿ ಪುಸ್ತಕದಲ್ಲಿ ಮಾಡಿದವರು. ಎರಡನೇ ಡೆರಿವೇಟಿವ್ 24ಎಕ್ಸ್ – 192, ಎಕ್ಸ್ 4 ಆದಾಗ –96, ಆದ್ದರಿಂದ ಗರಿಷ್ಠ.

ಇಷ್ಟು ಮಾಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳದೆ ಬಿಡಬೇಡಿ: 4ರ ಬದಲು ತಪ್ಪಿ 4.1 ಕತ್ತರಿಸಿದರೆ ಎಷ್ಟು ನಷ್ಟ? ಘನಗಾತ್ರ 1023.5, ಅರ್ಧ ಘನ ಸೆಂಮೀ ಹೋಯಿತು. 2ರ ಬದಲು 2.1 ಕತ್ತರಿಸಿದರೆ? 800 ಹೋಗಿ 823 ಆಯಿತು. ತುದಿಯಲ್ಲಿ ಡೆರಿವೇಟಿವ್ ಸೊನ್ನೆ ಎಂಬ ಮಾತು ಕೈಗೆ ಸಿಗುವುದು ಇಲ್ಲಿ.

ಪ್ರಶ್ನೆ: ಏಣಿ ಜಾರುವ ಲೆಕ್ಕದಲ್ಲಿ ನನಗೆ ಯಾವಾಗಲೂ ಸೊನ್ನೆ ಬರುತ್ತದೆ.
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ಡಿಫರೆನ್ಸಿಯೇಟ್ ಮಾಡುವ (ಡೆರಿವೇಟಿವ್ ತೆಗೆಯುವ) ಮೊದಲೇ ಸಂಖ್ಯೆ ಹಾಕುತ್ತಿದ್ದೀರಿ. ಗೋಡೆಗೆ ಒರಗಿದ ಏಣಿ 5 ಮೀಟರ್, ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿದ್ದಾಗ ಸೆಕೆಂಡಿಗೆ 20 ಸೆಂಮೀ ಜಾರುತ್ತಿದೆ ಎನ್ನಿ; ಮೇಲಿನ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ ಎನ್ನುವುದು ಪ್ರಶ್ನೆ. ಮೊದಲೇ 3 ಹಾಕಿಬಿಟ್ಟರೆ ಎತ್ತರ 4 ಎಂದು ನಿಂತುಹೋಯಿತು, ನಿಂತ ಸಂಖ್ಯೆಯ ಡೆರಿವೇಟಿವ್ ಸೊನ್ನೆಯೇ. ಎಕ್ಸ್² + ವೈ² = 25 ಎಂದು ಬರೆದು ಟಿಗೆ ಸಂಬಂಧಿಸಿ ಡಿಫರೆನ್ಸಿಯೇಟ್ ಮಾಡಿ; ಆಮೇಲೆ ಎಕ್ಸ್‌ಗೆ 3, ವೈಗೆ 4 ಹಾಕಿ. ತುದಿ ಸೆಕೆಂಡಿಗೆ 15 ಸೆಂಮೀ ಇಳಿಯುತ್ತದೆ. ಬದಲಾಗುವುದಕ್ಕೆ ಅಕ್ಷರ, ಬದಲಾಗದ್ದಕ್ಕೆ ಮಾತ್ರ ಮೊದಲೇ ಸಂಖ್ಯೆ: ಏಣಿಯ 5 ಮೊದಲೇ ಬರಬಹುದು, 3 ಬರಕೂಡದು.

ಪ್ರಶ್ನೆ: ಭಾಸ್ಕರಾಚಾರ್ಯರು ನ್ಯೂಟನ್‌ಗಿಂತ ಮೊದಲೇ ಕ್ಯಾಲ್ಕುಲಸ್ ಕಂಡುಹಿಡಿದಿದ್ದರು ಎಂದು ತರಗತಿಯಲ್ಲಿ ಹೇಳಬಹುದೇ?
– ಶಿಕ್ಷಕ, ವಿಜಯಪುರ

ಉತ್ತರ: ಅಷ್ಟು ದೊಡ್ಡ ಮಾತು ಬೇಡ, ಆದರೆ ಏನೂ ಹೇಳದೆ ಬಿಡುವುದೂ ಬೇಡ. 1150ರಲ್ಲಿ ಅವರು ಬರೆದ "ಸಿದ್ಧಾಂತ ಶಿರೋಮಣಿ"ಯಲ್ಲಿ ಗ್ರಹದ ತಾತ್ಕಾಲಿಕ ಗತಿ, ಅಂದರೆ ಆ ಕ್ಷಣದ ವೇಗದ ಲೆಕ್ಕ ಇದೆ. ಸೈನ್‌ನ ಚಿಕ್ಕ ವ್ಯತ್ಯಾಸ ಕಾಸ್‌ಗೆ ಅನುಪಾತದಲ್ಲಿರುತ್ತದೆ ಎಂಬುದನ್ನು ಅಲ್ಲಿ ಬಳಸುತ್ತಾರೆ. ಎಲ್ಲ ಫಂಕ್ಷನ್‌ಗೂ ಅನ್ವಯಿಸುವ ಸಾಮಾನ್ಯ ವಿಧಾನ, ಡಿಫರೆನ್ಸಿಯೇಶನ್-ಇಂಟಿಗ್ರೇಶನ್ ಪರಸ್ಪರ ವಿರುದ್ಧ ಕ್ರಿಯೆಗಳು ಎಂಬ ತಿಳಿವು 17ನೇ ಶತಮಾನದ್ದು.

ಹೊಗಳಿ ಮುಗಿಸುವ ಬದಲು ಅದನ್ನೇ ಮಾಡಿಸಿ. ಸೈನ್ ಪಟ್ಟಿಯಿಂದ 61 ಡಿಗ್ರಿಯ ಬೆಲೆಯಲ್ಲಿ 60ರ ಬೆಲೆ ಕಳೆದರೆ 0.00859. 1 ಡಿಗ್ರಿ ಅಂದರೆ 0.01745 ರೇಡಿಯನ್, ಭಾಗಿಸಿದರೆ 0.492. ಕಾಸ್ 60 ಅಂದರೆ 0.5, ಹತ್ತಿರ ಬಂತು. 59.5ರಿಂದ 60.5ರವರೆಗೆ ತೆಗೆದುಕೊಂಡರೆ 0.5ಕ್ಕೆ ಬಂದು ಕೂತೇಬಿಡುತ್ತದೆ, ಬಿಂದು ನಡುವೆ ಇರುವುದರಿಂದ.

ಪ್ರಶ್ನೆ: ಇಂಟಿಗ್ರೇಶನ್ ಅಂದರೆ ವಿಸ್ತೀರ್ಣ ಎಂದು ಹೇಳುತ್ತೇವೆ, ಮಕ್ಕಳಿಗೆ ಅದು ಸೂತ್ರವಾಗಿಯೇ ಉಳಿಯುತ್ತದೆ. ಕಣ್ಣಿಗೆ ಕಾಣುವ ಹಾಗೆ ಮಾಡಲು ಏನಾದರೂ ಇದೆಯೇ?
– ಉಪನ್ಯಾಸಕ, ಬೀದರ್

ಉತ್ತರ: ತೂಗಿಸಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾರ್ಡ್‌ಶೀಟಿನಲ್ಲಿ 20 ಸೆಂಮೀ ಚೌಕ ಕತ್ತರಿಸಿ. ಎ4 ಹಾಳೆಯ ಅಗಲ 21 ಸೆಂಮೀ ಇರುವುದರಿಂದ ಅದರಲ್ಲೇ ಆಗುತ್ತದೆ. 20 ಸೆಂಮೀಯನ್ನು 1 ಎಂದಿಟ್ಟುಕೊಂಡು ವೈ = ಎಕ್ಸ್² ಬರೆಯಿರಿ. ಎಡದಿಂದ 2, 4, 6, 8, 10 ಸೆಂಮೀಗಳಲ್ಲಿ ಎತ್ತರ 0.2, 0.8, 1.8, 3.2, 5, 12ರಿಂದ ಮುಂದೆ 7.2, 9.8, 12.8, 16.2, 20. ಬಿಂದುಗಳನ್ನು ಕೈಯಿಂದ ನಯವಾಗಿ ಸೇರಿಸಿ, ಸ್ಕೇಲ್ ಇಟ್ಟು ಸೇರಿಸಿದರೆ ಕೆಳಗಿನ ತುಂಡು ಚೂರು ದೊಡ್ಡದಾಗುತ್ತದೆ. ಕತ್ತರಿಸುವ ಮುನ್ನ ಇಡೀ ಚೌಕ ತೂಗಿ: 12 ಗ್ರಾಂ ಆಸುಪಾಸು. ಕತ್ತರಿಸಿದ ಮೇಲೆ ಕೆಳಗಿನ ತುಂಡು 4, ಮೇಲಿನದು 8. ಅಡುಗೆಮನೆಯ ತಕ್ಕಡಿ 1 ಗ್ರಾಂ ಹೆಚ್ಚುಕಮ್ಮಿ ತೋರಿಸುವುದರಿಂದ ಇದಕ್ಕೆ ಆಗದು, ರಸಾಯನಶಾಸ್ತ್ರ ಲ್ಯಾಬಿನ ಎಲೆಕ್ಟ್ರಾನಿಕ್ ತಕ್ಕಡಿ ಕೇಳಿ. ಮಾಮೂಲಿ ಜೆರಾಕ್ಸ್ ಹಾಳೆಯಲ್ಲಿ ಮಾಡಿದರೆ ಕೆಳಗಿನ ತುಂಡು 1 ಗ್ರಾಂ ಆಸುಪಾಸು ಮಾತ್ರ ತೂಗುತ್ತದೆ.

ಮೂರನೇ ಒಂದು ಭಾಗ ಎಂದು ತಕ್ಕಡಿ ಹೇಳಿದ ಮೇಲೆ ಪಟ್ಟಿಗಳಿಗೆ ಬನ್ನಿ. 10 ಪಟ್ಟಿ ಮಾಡಿ ಎಡ ಎತ್ತರ ತೆಗೆದುಕೊಂಡರೆ 0.285, ಬಲ ಎತ್ತರಕ್ಕೆ 0.385. 100 ಪಟ್ಟಿಗೆ 0.32835 ಮತ್ತು 0.33835. ಕಲ್ಲಿನ ಲೆಕ್ಕದಲ್ಲಿ ಆದ ಹಾಗೇ ಇಲ್ಲಿಯೂ ಎರಡು ಬದಿಯಿಂದ ಒತ್ತಿಕೊಂಡು ಬರುತ್ತಿದೆ. ಮಕ್ಕಳು ಗುರುತಿಸುತ್ತಾರೋ ನೋಡಿ.

ಆದರೆ "ಇಂಟಿಗ್ರೇಶನ್ ಅಂದರೆ ವಿಸ್ತೀರ್ಣ" ಎಂದು ಅಷ್ಟಕ್ಕೇ ಬಿಟ್ಟರೆ ಮುಂದೆ ಕಾಟ ಕೊಡುತ್ತದೆ. ಸೈನ್ ಎಕ್ಸ್‌ಅನ್ನು 0ಯಿಂದ 2 ಪೈವರೆಗೆ ಇಂಟಿಗ್ರೇಟ್ ಮಾಡಿದರೆ ಸೊನ್ನೆ. ರೇಖೆಗೂ ಅಕ್ಷಕ್ಕೂ ನಡುವಿನ ವಿಸ್ತೀರ್ಣ 4. ಪೈಯಲ್ಲಿ ಒಡೆದು ಮಾಡಿದರೆ 2 ಮತ್ತು –2. ವಿಸ್ತೀರ್ಣ ಕೇಳಿದಾಗ ಮೊದಲು ಚಿತ್ರ ಬರೆದು, ಅಕ್ಷ ದಾಟುವ ಜಾಗದಲ್ಲಿ ಒಡೆಯಬೇಕು. ವೇಗದ ಗ್ರಾಫ್ ಆದರೆ ಎರಡು ಉತ್ತರಕ್ಕೂ ಅರ್ಥವಿದೆ: ಸೊನ್ನೆ ಅಂದರೆ ಹೊರಟ ಜಾಗಕ್ಕೇ ವಾಪಸ್ ಬಂದಿದೆ, 4 ಅಂದರೆ ಒಟ್ಟು ಓಡಾಡಿದ ದೂರ.

ಪ್ರಶ್ನೆ: ಸೈನ್ ಎಕ್ಸ್ ಕಾಸ್ ಎಕ್ಸ್‌ನ ಇಂಟಿಗ್ರಲ್ ನನಗೆ ಸೈನ್² ಎಕ್ಸ್ ಬೈ 2 ಬಂತು. ಗೆಳತಿಗೆ ಮೈನಸ್ ಕಾಸ್² ಎಕ್ಸ್ ಬೈ 2 ಬಂದಿದೆ. ಯಾರದು ಸರಿ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಇಬ್ಬರದೂ, ಪಕ್ಕದಲ್ಲಿ "ಪ್ಲಸ್ ಸಿ" ಬರೆದಿದ್ದರೆ. ನಿಮ್ಮದರಲ್ಲಿ ಅವರದನ್ನು ಕಳೆಯಿರಿ: ಸೈನ್² ಮತ್ತು ಕಾಸ್² ಕೂಡಿ 2ರಿಂದ ಭಾಗಿಸಿದ್ದು, ಅಂದರೆ ಎಕ್ಸ್ ಏನೇ ಇರಲಿ ಅರ್ಧ. ಸ್ಥಿರ ಸಂಖ್ಯೆಯಷ್ಟೇ ವ್ಯತ್ಯಾಸ ಇದ್ದರೆ ಎರಡರ ಡೆರಿವೇಟಿವ್ ಒಂದೇ. ಬಸ್ಸಿನ ವೇಗ ಗಂಟೆಗೆ 40 ಕಿಮೀ ಎಂದು ಗೊತ್ತಿದ್ದರೆ 2 ಗಂಟೆಯಲ್ಲಿ 80 ಕಿಮೀ ಹೋಯಿತು ಎನ್ನಬಹುದು. ಹುಬ್ಬಳ್ಳಿಯಿಂದ ಹೊರಟಿತೋ ದಾವಣಗೆರೆಯಿಂದಲೋ ಎನ್ನುವುದು ವೇಗದಿಂದ ತಿಳಿಯುವುದಿಲ್ಲ, ಅದೇ ಸಿ. ಮೂರನೆಯವರಿಗೆ ಮೈನಸ್ ಕಾಸ್ 2ಎಕ್ಸ್ ಬೈ 4 ಬಂದಿದ್ದರೆ ಅದೂ ಸರಿ. ಎಂಸಿಕ್ಯೂನಲ್ಲಿ ನಿಮ್ಮ ಉತ್ತರ ಆಯ್ಕೆಗಳಲ್ಲಿ ಇಲ್ಲದಿದ್ದರೆ ಹೊಸದಾಗಿ ಇಂಟಿಗ್ರೇಟ್ ಮಾಡಲು ಹೋಗಬೇಡಿ. ಆಯ್ಕೆಗಳನ್ನೇ ಒಂದೊಂದಾಗಿ ಡಿಫರೆನ್ಸಿಯೇಟ್ ಮಾಡಿ ನೋಡಿ, ಬೇಗ ಮುಗಿಯುತ್ತದೆ.